ಹಳಹಳಿಯೂ ನೆನಹೂ

ಸಂಕ್ರಾಂತಿಯ ಪುಣ್ಯಕಾಲದಲ್ಲಿ ಕೂಡಲಸಂಗಮಕ್ಕೆ ಸ್ನಾನಾರ್ಥವಾಗಿ ಬರುವ ಜನರಿಗೆ ಲೆಕ್ಕವಿಲ್ಲ. ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆಗಳಿಂದಲೂ, ಹೊಳೆಯ ಆಚೆಯ ಮುದ್ದೇಬಿಹಾಳದ ಕಡೆಯಿಂದಲೂ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವಲ್ಲಿ ಮುಳುಗಿ ಎದ್ದು, ಸಂಗಮನಾಥನ ದರ್ಶನ ಮಾಡಿ, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಈ ಸಲ ನಾವೂ ಅಲ್ಲಿಗೆ ಹೋಗಿದ್ದೆವು.

ನಮ್ಮ ಪಂಕ್ತಿಯ ಸಮೀಪದಲ್ಲಿಯೇ ಎಪ್ಪತ್ತು ಮೀರಿದ ಒಬ್ಬ ಒಕ್ಕಲಿಗನು ತನ್ನ ಮೊಮ್ಮಗನೊಡನೆ ಕುಳಿತಿದ್ದನು. ಊಟವಾದ ಮೇಲೆ ಆತನು ನೀರಿನ ಕಡೆಗೆ ಬೆರಳು ಮಾಡಿ ಹೇಳತೊಡಗಿದನು: “ಅಲ್ಲಿ ನೋಡಪಾ, ಅದು ನಮ್ಮ ಯರಿ ಹೊಲ. ಅದರ ಮ್ಯಾಗಿಂದು ಹುಣಸಿಗಿಡದ ಪಟ್ಟಿ. ಅದರ ಬಾಜೂಕ ಬಾವಿ ಇತ್ತು; ಬ್ಯಾಸಿಗ್ಯಾಗೂ ಬತ್ತತಿದ್ದಿಲ್ಲ.” ಹುಡುಗನು ಸ್ವಲ್ಪ ಹೊತ್ತು ಆ ದಿಕ್ಕಿಗೆ ನೋಡಿ, “ಅಲ್ಲೇನೈತಿ ಮುತ್ಯಾ, ಬರೇ ನೀರ ಐತಲ್ಲ” ಎಂದು ಎದ್ದುಹೋದನು. ಮುದುಕನು ನಮ್ಮ ಕಡೆಗೆ ತಿರುಗಿ, “ಅವಂದೇನ್ ತಪ್ಪರೀ, ಅವಂಗ ನೀರ ಕಾಣ್ತೈತಿ, ನನಗ ಹೊಲ ಕಾಣ್ತೈತಿ” ಎಂದು ನಕ್ಕನು.

ಈ ಮಾತು ನಮ್ಮ ಮನಸ್ಸಿನಿಂದ ಹೋಗಲೊಲ್ಲದು. ಆ ಮುದುಕನು ಇರುವವರೆಗೆ ನೀರಿನ ಕೆಳಗೆ ಒಂದು ಊರಿದೆ. ಆತನ ತರುವಾಯ ಅಲ್ಲಿ ನೀರು ಮಾತ್ರ ಇರುವುದು.

ಕಳೆದುಹೋದುದಕ್ಕಾಗಿ ಮನಸ್ಸು ಮಿಡುಕುವುದಕ್ಕೆ ನಮ್ಮ ನುಡಿಯಲ್ಲಿ ಹಳಹಳಿಯೆಂಬ ಹೆಸರಿದೆ. ಅದು ಮನುಷ್ಯಸಹಜವಾದುದು, ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಬರಿಯ ಹಳಹಳಿಯಿಂದ ಹಿಂದಿನದು ಉಳಿಯುವುದೂ ಇಲ್ಲ, ಮುಂದಿನದು ಬೆಳೆಯುವುದೂ ಇಲ್ಲ. ಶರಣರು ಬಳಸಿದ ನೆನಹು ಎಂಬ ಇನ್ನೊಂದು ಶಬ್ದ ನಮ್ಮಲ್ಲಿದೆ. ಹಳಹಳಿಯು ನೆನೆಯುವವನೊಡನೆಯೇ ಸಾಯುತ್ತದೆ. ನೆನಹು ಒಬ್ಬನಿಂದ ಇನ್ನೊಬ್ಬನಿಗೆ ದಾಟಿ ಕೆಲಸಕ್ಕೆ ಹಚ್ಚುತ್ತದೆ. ಇವೆರಡರ ಭೇದವನ್ನು ಅರಿಯಲು ಕೂಡಲಸಂಗಮಕ್ಕಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ಇನ್ನೊಂದಿಲ್ಲವೆಂದು ನಾವು ತಿಳಿಯುತ್ತೇವೆ.

ಈ ಕ್ಷೇತ್ರದ ಮಹಿಮೆಯನ್ನು ವಾಚಕರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಬಾಲ್ಯದಲ್ಲಿ ಇಲ್ಲಿಗೆ ಬಂದು ವಿದ್ಯೆ ಕಲಿತರು; ಇಲ್ಲಿಯ ದೇವನ ಹೆಸರನ್ನೇ ತಮ್ಮ ವಚನಗಳ ಅಂಕಿತವಾಗಿ ಇಟ್ಟುಕೊಂಡರು; ಬಿಜ್ಜಳನ ಕಲ್ಯಾಣದಲ್ಲಿ ಮಹತ್ಕಾರ್ಯವನ್ನು ನಡೆಯಿಸಿ, ಕೊನೆಗೆ ಕಲ್ಯಾಣವು ಕದಡಿದಾಗ ಇಲ್ಲಿಗೇ ಮರಳಿ ಐಕ್ಯರಾದರೆಂದು ನಮ್ಮ ಜನರ ನಂಬಿಗೆ. ಅವರ ಪತ್ನಿಯಾದ ನೀಲಾಂಬಿಕೆಯು ಕಲ್ಯಾಣದಿಂದ ಬರುತ್ತ ಆಚೆಯ ದಂಡೆಯ ತಂಗಡಗಿಯಲ್ಲಿಯೇ ಐಕ್ಯಳಾದಳೆಂದು ಹೇಳುತ್ತಾರೆ. ಹೊಳೆಯ ಈಚೆಗೆ ಒಂದು, ಆಚೆಗೆ ಒಂದು, ಹೀಗೆ ಎರಡು ಐಕ್ಯಸ್ಥಳಗಳ ನಡುವೆ ಕೃಷ್ಣೆ ಹರಿಯುತ್ತಾಳೆ. ಎಂಟು ಶತಮಾನಗಳಿಗೂ ಮಿಕ್ಕಿ ಈ ಕಥೆಯನ್ನು ಉಳಿಸಿದವರು ಅರಸರಲ್ಲ, ಪಂಡಿತರೂ ಅಲ್ಲ. ಈ ದಂಡೆಗಳ ಮೇಲೆ ಹೊಲ ಉತ್ತು, ದನ ಮೇಯಿಸಿ, ಸಂಕ್ರಾಂತಿಗೆ ಮಿಂದು, ಮಕ್ಕಳಿಗೆ ಕಥೆ ಹೇಳಿದ ಹಳ್ಳಿಯ ಜನರೇ ಅದನ್ನು ಉಳಿಸಿದವರು.

ಮುಂದೆ ಕಾಲವು ಬದಲಾಯಿತು. ಕೂಡಲಸಂಗಮದ ಕೆಳಗಡೆ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರವು 1982ರಲ್ಲಿ ಪೂರ್ತಿಯಾಯಿತು. ಅದರ ಹಿನ್ನೀರು ಸಂಗಮದವರೆಗೂ ಬಂದು ನಿಂತಿತು. ಐಕ್ಯಸ್ಥಳವು ಮುಳುಗಬಾರದೆಂದು ಅದರ ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಕಟ್ಟಿದರು. ಇಂದು ಯಾತ್ರಿಕರು ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲುಗಳನ್ನಿಳಿದು, ನಾಲ್ಕೂ ಕಡೆಗೆ ನೀರು ನಿಂತಿರುವಾಗ ತಾವು ಒಣನೆಲದ ಮೇಲೆ ನಿಂತು ದರ್ಶನ ಮಾಡುತ್ತಾರೆ. ತಂಗಡಗಿಯಲ್ಲಿಯೂ ಇಂಥದೇ ಏರ್ಪಾಡು ಆಗಿದೆ. ತರುವಾಯ ಸರಕಾರವು ಕ್ಷೇತ್ರದ ಅಭಿವೃದ್ಧಿಗೆ ಮಂಡಳಿಯನ್ನು ರಚಿಸಿತು. ಮಹಾದ್ವಾರ, ಸಭಾಭವನ, ವಸತಿಗೃಹಗಳೆಲ್ಲ ಎದ್ದವು. 2024ರಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸರಕಾರವು ಸಾರಿತು. ಇದೆಲ್ಲವೂ ನಮಗೆ ಅಭಿಮಾನದ ವಿಷಯವೇ ಸರಿ. ಗೋಡೆಯನ್ನು ಕಟ್ಟಿದ ಇಂಜಿನಿಯರರನ್ನೂ ಕೂಲಿಕಾರರನ್ನೂ ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ಗೋಡೆಯೊಳಗಿನದು ಉಳಿಯಿತು, ಗೋಡೆಯ ಹೊರಗಿನದು ಏನಾಯಿತು? ಆ ಮುದುಕನ ಯರಿಹೊಲಕ್ಕೆ ಪರಿಹಾರದ ದುಡ್ಡು ಬಂದಿತು. ಹುಣಸಿಗಿಡದ ಪಟ್ಟಿಯೆಂಬ ಹೆಸರಿಗೆ ಏನೂ ಬರಲಿಲ್ಲ. ಸರಕಾರದ ಉತಾರದಲ್ಲಿ ಅದಕ್ಕೆ ಸರ್ವೆ ನಂಬರು ಇತ್ತು. ಹೆಸರು ಇದ್ದುದು ಜನರ ಬಾಯಲ್ಲಿ. ಸ್ಥಾವರ ಜಂಗಮಗಳ ತಾರತಮ್ಯವನ್ನು ತಿಳಿಸುವ ಬಸವಣ್ಣನವರ ವಚನವು ನಮ್ಮೆಲ್ಲರಿಗೂ ಬಾಯಿಪಾಠವಾಗಿದೆ. ಅದನ್ನು ಪ್ರತಿ ಸಭೆಯಲ್ಲಿಯೂ ಹೇಳುವ ನಾವು ಸ್ಥಾವರಕ್ಕೆ ಗೋಡೆ ಕಟ್ಟಿಸಿ, ಜಂಗಮವಾಗಿ ಬಾಯಿಂದ ಬಾಯಿಗೆ ಬಂದುದನ್ನು ನೀರಿಗೆ ಬಿಟ್ಟೆವಲ್ಲ, ಇದು ವಿಚಾರ ಮಾಡತಕ್ಕ ಮಾತಲ್ಲವೇ?

ಹಿಂದಿನದನ್ನು ನೆನೆಯುವುದು ಹೇಗೆಂಬುದನ್ನು ನಮಗೆ ಕಲಿಸಿದ ಹಿರಿಯರು ಈ ಪ್ರದೇಶದಲ್ಲಿಯೇ ಆಗಿಹೋಗಿದ್ದಾರೆ. 1880ನೆಯ ಇಸವಿಯ ಜುಲೈ ತಿಂಗಳೊಂದರಲ್ಲಿಯೇ ಇಬ್ಬರು ಮಹನೀಯರು ಹುಟ್ಟಿದರು. ಆಲೂರ ವೆಂಕಟರಾಯರು ವಿಜಾಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ದುಡಿದರು; ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ದುಡಿದರು. ಆಲೂರರು 1905ರಲ್ಲಿ ಹಂಪೆಯ ಹಾಳನ್ನು ಕಂಡು ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ಆ ಕಾಲಕ್ಕೆ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಗತವೈಭವವೆಂಬುದು ಅವರ ಪಾಲಿಗೆ ಮುದುಕರ ಹರಟೆಯಾಗಿರಲಿಲ್ಲ. ಚೆದರಿದ ಜನರನ್ನು ಒಂದುಗೂಡಿಸುವ ಉಪಾಯವಾಗಿದ್ದಿತು. 1956ರ ನವೆಂಬರ 1ರಂದು ನಾಡು ಒಂದಾದಾಗ ಆ ಪುಸ್ತಕದ ಉದ್ದೇಶವು ಸಫಲವಾಯಿತು.

ಹಳಕಟ್ಟಿಯವರ ಮಾತಾದರೂ ಅಷ್ಟೇ. ಮನೆಮನೆಗಳಲ್ಲಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಅವರು ಬಿಚ್ಚಿಸಿ ಓದಿದರು. ಪೂಜೆ ನಡೆದಿದ್ದಿತು, ಓದು ನಿಂತಿದ್ದಿತು; ಗರಿಗಳಿಗೆ ಹುಳ ಹತ್ತುತ್ತಿದ್ದುವು. ವಕೀಲಿ ವೃತ್ತಿಯ ಗಳಿಕೆಯನ್ನು ಅದಕ್ಕೇ ಸುರಿದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು, ಇರುವ ಮನೆಯನ್ನು ಸಹ ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಅಚ್ಚಿನ ಮನೆಯನ್ನು ನಡೆಯಿಸುವ ಕಷ್ಟವೇನೆಂಬುದನ್ನು ಬಲ್ಲ ನಮಗೆ ಈ ಸಂಗತಿಯನ್ನು ನೆನೆದಾಗಲೆಲ್ಲ ತಲೆ ತಾನಾಗಿ ಬಾಗುತ್ತದೆ. 1993ರಲ್ಲಿ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತರುವಂತಾದುದು ಆ ಪರಿಶ್ರಮದ ಫಲವೇ. ದಾವಣಗೆರೆಯಲ್ಲಿ 1913ರಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆರಂಭಿಸಿದ ಹರ್ಡೇಕರ ಮಂಜಪ್ಪನವರು ಮುಂದೆ ಆಲಮಟ್ಟಿಯಲ್ಲಿ ಬಂದು ನೆಲಸಿ, ಮಕ್ಕಳಿಗೆ ವಿದ್ಯೆಯೊಡನೆ ಕೈಕೆಲಸವನ್ನು ಕಲಿಸುತ್ತ, 1947ರಲ್ಲಿ ತೀರಿಕೊಂಡರು. ಈ ಮೂವರಲ್ಲಿ ಯಾರೂ ಹಿಂದಿನ ಕಾಲಕ್ಕೆ ಮರಳಿ ಹೋಗೋಣವೆನ್ನಲಿಲ್ಲ. ಹಿಂದಿನದನ್ನು ಮುಂದಿನವರ ಕೈಗೆ ಮುಟ್ಟಿಸುವ ಕೆಲಸವನ್ನು ಮಾಡಿದರು. ಇದಕ್ಕೇ ನಾವು ನೆನಹು ಎನ್ನುವುದು.

ಆಲೂರರೂ ಹಳಕಟ್ಟಿಯವರೂ ಒಂದೇ ವರ್ಷ, 1964ರಲ್ಲಿ, ತೀರಿಕೊಂಡರು. ಅವರಿಬ್ಬರ ಮರಣಗಳ ನಡುವೆ, ಆ ವರ್ಷದ ಮೇ ತಿಂಗಳಲ್ಲಿಯೇ, ಮುಂದೆ ಪ್ರಧಾನಮಂತ್ರಿಗಳಾದ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ಒಂದು ತಲೆಮಾರಿನ ಕೆಲಸ ಮುಗಿದು ಇನ್ನೊಂದರ ಕೆಲಸ ಮೊದಲಾಯಿತು. ಅಣೆಕಟ್ಟು ಮುಗಿದು 2006ರಲ್ಲಿ ರಾಷ್ಟ್ರಪತಿ ಅಬ್ದುಲ ಕಲಾಮರು ಅದನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ನಾಲ್ವತ್ತೆರಡು ವರ್ಷಗಳು ಕಳೆದಿದ್ದುವು. ಘಟಪ್ರಭೆಯ ದಂಡೆಯ ಬಾಗಲಕೋಟೆಯ ಒಂದು ದೊಡ್ಡ ಭಾಗವು ಹಿನ್ನೀರಿಗೆ ಆಹುತಿಯಾಗಿದ್ದಿತು.

ಬಾಗಲಕೋಟೆಯವರಿಗೆ ಈ ವಿಷಯವನ್ನು ನಾವು ಹೇಳುವುದೆಂದರೆ ತವರವರ ಮುಂದೆ ತವರಿನ ಸುದ್ದಿ ಹೇಳಿದಂತೆ. ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳ ಊರಿನಿಂದ ಎದ್ದು ಜನರು ನವನಗರಕ್ಕೆ ಹೋದರು. ಅಲ್ಲಿ ಅಗಲವಾದ ಬೀದಿಗಳಿವೆ, ಗಾಳಿ ಬೆಳಕುಗಳಿವೆ, ಕಚೇರಿಗಳಿವೆ, ಶಾಲೆಗಳಿವೆ. ಹಳೆಯ ಓಣಿಗಳ ಇಕ್ಕಟ್ಟಿಗಿಂತ ಅದು ಎಷ್ಟೋ ಲೇಸೆಂದು ಅಲ್ಲಿಯವರೇ ಒಪ್ಪುತ್ತಾರೆ. ಆದರೆ ಪೇಟೆಗಳಿಗೆ ಹೆಸರು ಹೋಗಿ ಸೆಕ್ಟರುಗಳಿಗೆ ನಂಬರು ಬಂದಿತು. ಜೈನಪೇಟೆ ಎಂದರೆ ಅಲ್ಲಿ ಯಾರಿದ್ದರು, ಏನು ವ್ಯಾಪಾರ ನಡೆಯುತ್ತಿದ್ದಿತು ಎಂಬ ಕಥೆಯು ಹೆಸರಿನಲ್ಲಿಯೇ ಇದ್ದಿತು. ನಂಬರು ಯಾವ ಕಥೆಯನ್ನೂ ಹೇಳುವುದಿಲ್ಲ. ಆದ್ದರಿಂದಲೇ ಹೋಳಿಹುಣ್ಣಿಮೆ ಬಂದಿತೆಂದರೆ ನವನಗರದಲ್ಲಿದ್ದವರೂ ಹಳೆಯ ಊರಿನ ಹಲಗೆಯ ಸಪ್ಪಳಕ್ಕೆ ಓಡಿಬರುತ್ತಾರೆ. ಬಣ್ಣದ ಬಂಡಿಗಳು ಇಂದಿಗೂ ಓಣಿಗಳ ಹೆಸರಿನಲ್ಲಿಯೇ ಹೊರಡುತ್ತವೆ. ಇಡಿಯ ವರ್ಷ ನಂಬರಿನಲ್ಲಿ ಬಾಳುವವರು ಆ ಕೆಲವು ದಿನ ಹೆಸರಿನಲ್ಲಿ ಬಾಳುತ್ತಾರೆ. ಇದನ್ನು ಬರಿಯ ಹಳಹಳಿಯೆನ್ನಲಾಗದು. ಹಲಗೆ ಬಾರಿಸುವ ಹುಡುಗರಲ್ಲಿ ಎಷ್ಟೋ ಮಂದಿ ಹಳೆಯ ಊರು ಮುಳುಗಿದ ಮೇಲೆ ಹುಟ್ಟಿದವರು. ಕೈಯಿಂದ ಕೈಗೆ ದಾಟಿದ್ದರಿಂದ ಅದು ಉಳಿಯಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಯಾರೂ ಅನ್ಯಥಾ ತಿಳಿಯಬಾರದು. ನಾವು ಅಣೆಕಟ್ಟುಗಳ ವೈರಿಗಳಲ್ಲ. ಬರವೆಂದರೇನೆಂಬುದನ್ನು ಉಂಡವರಿಗೆ ಕಾಲುವೆಯ ನೀರಿನ ಬೆಲೆ ಗೊತ್ತು. ನಾರಾಯಣಪುರದ ಕಾಲುವೆಗಳಿಂದ ಸುರಪುರ, ಶಹಾಪುರ, ಲಿಂಗಸೂಗೂರುಗಳ ಒಣಭೂಮಿ ಹಸಿರಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೃಷ್ಣೆಯ ನೀರಿನಲ್ಲಿ ಕರ್ನಾಟಕದ ಹಕ್ಕು ನ್ಯಾಯವಾದುದು; ಅದನ್ನು ಬಿಟ್ಟುಕೊಡಬೇಕೆಂದು ಈ ಪತ್ರಿಕೆಯು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಮುಳುಗಡೆಯ ಆ ದಿವಸಗಳಲ್ಲಿ ನಾವು ಪತ್ರಿಕೆಯವರು ಎಷ್ಟು ಅಡಿ ನೀರು, ಎಷ್ಟು ಎಕರೆ ಭೂಮಿ, ಎಷ್ಟು ರೂಪಾಯಿ ಪರಿಹಾರ ಎಂಬುದನ್ನೇ ದಿನಾಲು ಬರೆದೆವಲ್ಲದೆ, ಮುಳುಗುವ ಊರುಗಳಿಗೆ ಹೋಗಿ ಹೊಲಗಳ, ಬಾವಿಗಳ, ಗಿಡಗಳ ಹೆಸರುಗಳನ್ನು ಬರೆದುಕೊಳ್ಳಲಿಲ್ಲ. ಆ ಲೋಪದಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಂಡೇ ಈ ಮಾತನ್ನು ಬರೆಯುತ್ತಿದ್ದೇವೆ.

ಪರದೇಶದ ಉದಾಹರಣೆಯೊಂದನ್ನು ನೋಡೋಣ. ಈಜಿಪ್ತ ದೇಶದಲ್ಲಿ ನೈಲ್ ನದಿಗೆ ಆಸ್ವಾನದ ಎತ್ತರದ ಅಣೆಕಟ್ಟನ್ನು ಕಟ್ಟುವಾಗ ಅಬು ಸಿಂಬೆಲದ ಪ್ರಾಚೀನ ದೇವಾಲಯಗಳನ್ನು ಕೊರೆದು, ತುಂಡುತುಂಡಾಗಿ ಎತ್ತಿ, ಎತ್ತರದ ನೆಲದಲ್ಲಿ ಮತ್ತೆ ಕೂಡಿಸಿದುದನ್ನು ಜಗತ್ತೆಲ್ಲ ಕೊಂಡಾಡಿತು. ಅದೇ ಕಾಲದಲ್ಲಿ, 1963-64ರಲ್ಲಿ, ಸುಮಾರು 50 ಸಾವಿರ ನೂಬಿಯನ್ ಜನರು ತಮ್ಮ ಊರುಗಳನ್ನು ಬಿಟ್ಟು ಕೋಮ್ ಓಂಬೋ ಎಂಬಲ್ಲಿಗೆ ಸಾಗಿದುದು ಅಷ್ಟಾಗಿ ಯಾರಿಗೂ ತಿಳಿಯದು. ಆದರೆ ಆ ಜನರ ಹೊಸ ಊರುಗಳಿಗೆ ಹಳೆಯ ಊರುಗಳ ಹೆಸರುಗಳನ್ನೇ ಇಟ್ಟರು. ಹೊಲವನ್ನು ಹೊತ್ತೊಯ್ಯಲು ಬಾರದು, ಹೆಸರನ್ನು ಒಯ್ಯಬಹುದು. ನಮ್ಮಲ್ಲಿಯೂ ಎಷ್ಟೋ ಪುನರ್ವಸತಿ ಕೇಂದ್ರಗಳು ಹಳೆಯ ಊರಿನ ಹೆಸರನ್ನು ಉಳಿಸಿಕೊಂಡಿವೆ. ಓಣಿಯ ಹೆಸರು, ಹೊಲದ ಹೆಸರುಗಳವರೆಗೆ ಆ ಎಚ್ಚರವು ಮುಟ್ಟಲಿಲ್ಲ.

ಆದುದು ಆಗಿಹೋಯಿತು, ಅದಕ್ಕಾಗಿ ಈಗ ಏಕೆ ಈ ಚರ್ಚೆಯೆಂದು ಕೆಲವರು ಕೇಳಬಹುದು. ಆದುದು ಆಗಿ ಮುಗಿದಿಲ್ಲವೆಂಬುದೇ ನಮ್ಮ ಉತ್ತರ. ಆಲಮಟ್ಟಿಯಲ್ಲಿ ಇಂದು ನೀರು ನಿಲ್ಲುವುದು 519.60 ಮೀಟರಿನ ಮಟ್ಟದವರೆಗೆ. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಲಿಯು 2010ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಏರಿದ ದಿವಸ ಮತ್ತೆ 75 ಸಾವಿರ ಎಕರೆಗಳಷ್ಟು ಭೂಮಿ ನೀರಿನ ಕೆಳಗೆ ಹೋಗತಕ್ಕದ್ದಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳ ದರವನ್ನು ಗೊತ್ತುಪಡಿಸಿತು. ಭೂಮಿಯ ಬೆಲೆಯ ವಿಚಾರವಾಯಿತು, ಒಳ್ಳೆಯದು. ಬೆಲೆ ಕಟ್ಟಲಾಗದ್ದರ ವಿಚಾರ ಇನ್ನೂ ಆಗಬೇಕಾಗಿದೆ. ಅದಕ್ಕೆ ಹಣ ಹೆಚ್ಚು ಬೇಡ. ಬೇಕಾದುದು ಕಾಲ, ಆ ಕಾಲವು ಇಂದು ನಮ್ಮ ಕೈಯಲ್ಲಿದೆ, ನೀರು ಏರಿದ ಮರುದಿವಸ ಇರುವುದಿಲ್ಲ.

ಆದುದರಿಂದ ಅಧಿಕಾರಿವರ್ಗಕ್ಕೆ ನಮ್ಮ ಅರಿಕೆ ಹೀಗಿದೆ. ಭೂಸ್ವಾಧೀನದ ಪಂಚನಾಮೆಗೆ ಗ್ರಾಮಕ್ಕೆ ಹೋಗುವ ನೌಕರರು ಕಟ್ಟಡ, ಗಿಡ, ಬಾವಿಗಳನ್ನು ಹೇಗೂ ಎಣಿಸುತ್ತಾರೆ. ಎಣಿಸುವಾಗ ಅವುಗಳ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಊರಿನ ಹಿರಿಯರು ನಾಲ್ಕು ಜನರನ್ನು ಕೂಡಿಸಿಕೊಂಡು ಹೊಲ, ಹಳ್ಳ, ಓಣಿ, ಗುಡಿ, ದರ್ಗಾ, ವೀರಗಲ್ಲು, ಶಾಸನಗಳ ಯಾದಿಯೊಂದನ್ನು ತಯಾರಿಸಲಿ. ಅದರ ಒಂದು ಪ್ರತಿ ಜಿಲ್ಲಾಕಚೇರಿಯಲ್ಲಿಯೂ, ಒಂದು ಪ್ರತಿ ಹೊಸ ಊರಿನ ಶಾಲೆಯಲ್ಲಿಯೂ ಇರಲಿ. ಹೊಸ ಊರಿನ ಬೀದಿಗಳಿಗೆ ನಂಬರು ಹಾಕುವ ಮೊದಲು ಹಳೆಯ ಓಣಿಗಳ ಹೆಸರುಗಳನ್ನು ಕೇಳಲಿ. ಇದರಿಂದ ಯಾವ ಯೋಜನೆಯೂ ಒಂದು ದಿವಸ ಸಹ ತಡವಾಗುವುದಿಲ್ಲ.

ನಾಗರಿಕರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಎಲ್ಲವನ್ನೂ ಸರಕಾರವೇ ಮಾಡಲೆಂದು ಕೈಕಟ್ಟಿ ಕುಳಿತರೆ ಹಳಕಟ್ಟಿಯವರ ಹೆಸರನ್ನು ಹೇಳುವ ಯೋಗ್ಯತೆ ನಮಗೆ ಉಳಿಯುವುದಿಲ್ಲ. ಅಟ್ಟದ ಮೇಲೆ ಕಟ್ಟಿಟ್ಟ ಹಳೆಯ ಅಂಗಡಿಯ ಕೀರ್ದಿಗಳು, ಖರೀದಿಪತ್ರಗಳು, ಮದುವೆಯ ಫೋಟೋಗಳು, ಕಾಗದಪತ್ರಗಳು ಯಾರಲ್ಲಿವೆಯೋ ಅವರು ಅವನ್ನು ರದ್ದಿಗೆ ಹಾಕದಿರಲಿ. ಮನೆಯಲ್ಲಿ ಮುದುಕರಿದ್ದರೆ ಅವರನ್ನು ಕೂಡಿಸಿಕೊಂಡು ಕೇಳಿ, ಬರೆದುಕೊಳ್ಳಿರಿ. ಕಿಸೆಯಲ್ಲಿರುವ ಫೋನಿನಲ್ಲಿ ಅವರ ಧ್ವನಿಯನ್ನೂ ಹಿಡಿದಿಡಬಹುದು. ಬರೆದು ಕಳಿಸಿದರೆ ಪ್ರಕಟಿಸಲು ಈ ಪುಟದಲ್ಲಿ ಸ್ಥಳ ಕೊಡುವುದಾಗಿ ವಚನ ಕೊಡುತ್ತೇವೆ. ವ್ಯಾಕರಣ ತಪ್ಪಿದರೆ ತಿದ್ದುವ ಹೊಣೆ ನಮ್ಮದು. ನೆನಪು ಮಾತ್ರ ನಿಮ್ಮದಾಗಿರಬೇಕು.

ಸಂಗಮದಿಂದ ಮರಳುವಾಗ ನಾವು ಇಳಕಲ್ಲಿನ ಮೇಲಿಂದ ಬಂದೆವು. ಇಳಕಲ್ಲ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿಯೇ ಸಿದ್ಧಪಡಿಸುತ್ತಾರೆಂಬುದು ಎಲ್ಲರಿಗೂ ತಿಳಿದಿದೆ. ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯಿಗೆ ಮುಂದುವರಿಯುತ್ತದೆ. ಬೇಸರದ ಕೆಲಸ, ಕಣ್ಣು ನೋಯುವ ಕೆಲಸ. ಕೊಂಡಿ ತಪ್ಪಿದರೆ ಮೈ ಎಷ್ಟು ಚೆಲುವಾಗಿದ್ದರೂ, ಸೆರಗು ಎಷ್ಟು ಬೆಲೆಯುಳ್ಳದ್ದಾದರೂ, ಅದು ಸೀರೆಯಾಗುವುದಿಲ್ಲ. ಹಿಂದಿನವರಿಗೂ ಮುಂದಿನವರಿಗೂ ಇರುವ ಸಂಬಂಧವು ಹೀಗೆಯೇ ಒಂದೊಂದು ಎಳೆಯಾಗಿ, ಯಾರಾದರೂ ಕುಳಿತು ಕೂಡಿಸಬೇಕಾದದ್ದು. ಮಹಾದ್ವಾರಗಳು ಅದನ್ನು ಮಾಡಲಾರವು. ಜಯಂತಿಯ ಭಾಷಣಗಳೂ ಮಾಡಲಾರವು.

ಆ ಮುದುಕನಿಗೆ ಹೊಲ ಕಾಣುತ್ತದೆ, ಮೊಮ್ಮಗನಿಗೆ ನೀರು ಕಾಣುತ್ತದೆ. ಮುಂದಿನ ಸಂಕ್ರಾಂತಿಗೆ ಅವರಿಬ್ಬರೂ ಮತ್ತೆ ಅದೇ ದಂಡೆಯ ಮೇಲೆ ಕುಳಿತಾಗ ಹುಡುಗನು “ಯಾವ ಹೊಲ ಮುತ್ಯಾ, ಇನ್ನೊಮ್ಮೆ ಹೇಳು” ಎಂದು ಕೇಳುವಂತಾದರೆ ನಮ್ಮ ಈ ಬರಹವು ಸಾರ್ಥಕವಾಯಿತೆಂದು ತಿಳಿಯುತ್ತೇವೆ. ಆ ಪ್ರಶ್ನೆಯನ್ನು ಕೇಳಲು ಅವನಿಗೆ ಕಲಿಸಬೇಕಾದವರು ನಡುವಿನ ತಲೆಮಾರಿನವರಾದ ನಾವು.